ಬೆಳಕಿಗೆ ಹಿಡಿದು ನೋಡುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಮನೆಯಲ್ಲಿ ನೀವು ದೋಸೆ ತಿನ್ನಬೇಕಾದರೆ ಆ ದೋಸೆ ಮೊದಲು ಎಕ್ಸ್‌ರೇ ಪರೀಕ್ಷೆಯಲ್ಲಿ ಪಾಸಾಗಬೇಕು. ಇವನು ಹೆಚ್ಚು ಕಟ್ಟಿ ಹೇಳುತ್ತಿದ್ದಾನೆ ಅನ್ನಿಸಿತೇ? ಜರ್ಸಿ ಸಿಟಿಗೆ ಬಂದು ಒಂದು ಶನಿವಾರ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಕೂತು ನೋಡಿ. ಕಾವಲಿಯಿಂದ ಎಬ್ಬಿಸಿದ ದೋಸೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ. "ಎಡಗಡೆ ಸ್ವಲ್ಪ ದಪ್ಪ ಆಯ್ತು" ಎಂದು ರಿಪೋರ್ಟು ಕೊಟ್ಟು ತಟ್ಟೆಗೆ ಹಾಕುತ್ತಾರೆ. ತುಪ್ಪದ ದೋಸೆಯಾದರೆ ತುಪ್ಪ ಅವರ ಮೊಣಕೈವರೆಗೂ ಇಳಿಯುತ್ತದೆ, ಆದರೂ ಪರೀಕ್ಷೆ ತಪ್ಪಿಸುವುದಿಲ್ಲ.

ಇದು ಅವರ ಕೆಲಸದಿಂದ ಹತ್ತಿದ ಚಟ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಅವರು ಎಕ್ಸ್‌ರೇ ಟೆಕ್ನಿಷಿಯನ್. ವರ್ಷಗಟ್ಟಲೆ ಫಿಲ್ಮುಗಳನ್ನು ಬೆಳಕಿಗೆ ಹಿಡಿದೂ ಹಿಡಿದೂ ಈಗ ಏನು ಕೈಗೆ ಸಿಕ್ಕಿದರೂ ಅದನ್ನು ಎತ್ತಿ ಹಿಡಿಯದೆ ಅವರಿಗೆ ಸಮಾಧಾನವಿಲ್ಲ. ಮದುವೆಯ ಕರೆಯೋಲೆ, ಕರೆಂಟ್ ಬಿಲ್ಲು, ನೆಂಟರ ಮಕ್ಕಳ ಜಾತಕ, ಎಲ್ಲವೂ ಕಿಟಕಿಗೆ ಹೋಗಿ ಬರಬೇಕು. ಜ್ಯಾಕ್ಸನ್ ಹೈಟ್ಸ್‌ನ ಎಪ್ಪತ್ತನಾಲ್ಕನೇ ರಸ್ತೆಯ ಒಬ್ಬ ಸೀರೆ ಅಂಗಡಿಯವನು ಇವರು ಬಾಗಿಲಲ್ಲಿ ಕಾಣಿಸಿದ ಕೂಡಲೇ ಟ್ಯೂಬ್‌ಲೈಟ್ ಆರಿಸುತ್ತಿದ್ದ ಎಂದು ಚಿಕ್ಕಪ್ಪ ಹೇಳುತ್ತಾರೆ. ಚಿಕ್ಕಪ್ಪ ಮಿತಭಾಷಿ, ವರ್ಷಕ್ಕೆ ನಾಲ್ಕು ಮಾತಾಡುವವರು. ಅದರಲ್ಲಿ ಒಂದು ಸುಳ್ಳಿರಲಾರದು.

ನನ್ನನ್ನೂ ಅವರು ಬೆಳಕಿಗೆ ಹಿಡಿದಿದ್ದಾರೆ. ಕಂಪ್ಯೂಟರ್ ಎಂಬ ಪದವನ್ನು ಸರಿಯಾಗಿ ಉಚ್ಚರಿಸಬಲ್ಲವರನ್ನೆಲ್ಲ ಅಮೆರಿಕ ವಿಮಾನ ಹತ್ತಿಸಿಕೊಳ್ಳುತ್ತಿದ್ದ ಕಾಲ ಅದು. ಒಂದು ಕನ್ಸಲ್ಟಿಂಗ್ ಕಂಪನಿಯ ಆಫರ್ ಲೆಟರ್ ಹಿಡಿದುಕೊಂಡು ನಾನು ಅವರ ಬೇಸ್‌ಮೆಂಟಿಗೆ ಬಂದು ಇಳಿದಿದ್ದೆ. ಚಿಕ್ಕಮ್ಮ ಪತ್ರವನ್ನು ಓದಲೇ ಇಲ್ಲ, ನೇರವಾಗಿ ಕಿಟಕಿಗೆ ಎತ್ತಿದರು.

"ಇಲ್ಲಿ ವೈಟ್ನರ್ ಹಚ್ಚಿದಾರೆ ಕಣೋ. ಕೆಲಸ ಮಾಡೋ ಜಾಗ ಸೀಕಾಕಸ್ ಅಂತ ಮೇಲೆ ಬರೆದಿದೆ. ಕೆಳಗೆ ಇನ್ನೇನೋ ಇದೆ ನೋಡು."

ನೋಡಿದೆ. ಕೆಳಗೆ 'ಆಮೇಲೆ ತಿಳಿಸಲಾಗುವುದು' ಎಂದಿತ್ತು. ಅವರು ಆಮೇಲೆಯೂ ತಿಳಿಸಲಿಲ್ಲ. ಐದು ತಿಂಗಳು ಕೆಲಸವಿಲ್ಲದೆ ಬೆಂಚಿನ ಮೇಲೆ ಕೂತಿದ್ದೆ. ಆ ಬೆಂಚು ಚಿಕ್ಕಮ್ಮನ ಅಡುಗೆಮನೆಯಲ್ಲಿತ್ತು ಮತ್ತು ಊಟ ಚೆನ್ನಾಗಿತ್ತು ಎನ್ನುವುದು ಬೇರೆ ವಿಷಯ.

ಅವರ ಇನ್ನೊಂದು ಆಯುಧ ಮೂರು ವಾಕ್ಯಗಳ ಒಂದು ಮಂತ್ರ. ಎದೆಯ ಎಕ್ಸ್‌ರೇ ತೆಗೆಯುವಾಗ ರೋಗಿಗೆ ಹೇಳುತ್ತಾರಲ್ಲ, "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ" ಎಂದು, ಅದೇ. ಯಾರಿಗಾದರೂ ಕಷ್ಟದ ಪ್ರಶ್ನೆ ಕೇಳುವ ಮೊದಲು ಚಿಕ್ಕಮ್ಮ ಇದನ್ನು ಹೇಳಿಯೇ ಕೇಳುವುದು. ಮೆಟುಚೆನ್‌ನ ಶಾಲೆಯೊಂದರಲ್ಲಿ ನಮ್ಮವರು ರಾಜ್ಯೋತ್ಸವ ಮಾಡಿದಾಗ ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿ, ತಾವು ಇಡೀ ನ್ಯೂಜರ್ಸಿಯ ಕನ್ನಡಿಗರ ದನಿ ಎಂದು ಮುಗಿಸಿದರು. ಚಿಕ್ಕಮ್ಮ ಎದ್ದು ನಿಂತರು.

"ಉಸಿರು ಎಳ್ಕೊಳ್ಳಿ ಸಾರ್. ಹಿಡ್ಕೊಳ್ಳಿ. ಅಲ್ಲಾಡಬೇಡಿ. ಊಟ ಆದ್ಮೇಲೆ ಬಿಸಿಬೇಳೆಬಾತಿನ ಪಾತ್ರೆ ತಿಕ್ಕೋ ಲಿಸ್ಟಲ್ಲಿ ನಿಮ್ಮ ಕಮಿಟಿಯವರದು ಯಾರ ಹೆಸರಿದೆ?"

ಮರುವರ್ಷದಿಂದ ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಶ್ನೋತ್ತರ ಮಾಯವಾಯಿತು. ಭಾಷಣ ಮುಗಿದ ತಕ್ಷಣ ವಂದನಾರ್ಪಣೆ.

ಇನ್ನು ತೆರೆಸಿತಾ ವಿಷಯಕ್ಕೆ ಬರುತ್ತೇನೆ. ತೆರೆಸಿತಾ ಫಿಲಿಪೀನ್ಸ್‌ನವಳು, ನಮ್ಮ ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೂ ಚಿಕ್ಕಮ್ಮನಿಗೂ ಎಂಥ ಸ್ನೇಹವೆಂದರೆ ಬೇಲಿಯ ಒಂದು ಹಲಗೆ ಇವರ ಮಾತಿಗೆ ಅಡ್ಡ ಬರುತ್ತದೆಂದು ಇಬ್ಬರೂ ಸೇರಿ ಅದನ್ನು ಕಿತ್ತಿದ್ದರು. ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ಫಿಲಿಪೀನ್ಸ್‌ನ ನರ್ಸುಗಳಿಂದ ಚಿಕ್ಕಮ್ಮ ಅವರ ಭಾಷೆ ಕಲಿತಿದ್ದರು. ತೆರೆಸಿತಾ ಇವರನ್ನು 'ಆತೆ' ಎಂದು ಕರೆಯುತ್ತಿದ್ದಳು, ಎಂದರೆ ಅಕ್ಕ. ಚಿಕ್ಕಮ್ಮ ಅವಳನ್ನು ಶುದ್ಧ ಮೈಸೂರಿನ ಶೈಲಿಯಲ್ಲಿ ತೆರೆಸಮ್ಮ ಎನ್ನುತ್ತಿದ್ದರು.

ಒಂದು ದಿನ ತೆರೆಸಿತಾ ಬೇಲಿಯ ಸಂದಿಯಲ್ಲಿ ಒಂದು ಕರಪತ್ರ ತೂರಿಸಿದಳು. ಅದರ ತುಂಬ ಅವಳದೇ ಫೋಟೋ, ಗಾಲಿಕುರ್ಚಿ ತಳ್ಳುತ್ತಾ ನಗುತ್ತಿದ್ದಳು. ಅವರ ದೇಶದ ಪದ್ಧತಿಯನ್ನು ಅವಳೇ ನಮಗೆ ವಿವರಿಸಿದಳು. ಅಲ್ಲಿಯ ಸಂಸತ್ತಿನಲ್ಲಿ ಕೆಲವು ಸೀಟುಗಳನ್ನು ದನಿಯಿಲ್ಲದವರಿಗೆಂದು ಎತ್ತಿಟ್ಟಿದ್ದಾರೆ. ಓಟು ಹಾಕುವುದು ಮನುಷ್ಯನಿಗಲ್ಲ, ಪಕ್ಷಕ್ಕೆ. ಪಕ್ಷ ತನ್ನ ಜನರ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತದೆ, ಎಷ್ಟು ಸೀಟು ಬಂದರೆ ಪಟ್ಟಿಯ ಮೇಲಿನಿಂದ ಅಷ್ಟು ಜನ ಒಳಗೆ ಹೋಗುತ್ತಾರೆ. ಈಗ ಪರದೇಶದಲ್ಲಿ ಮನೆಕೆಲಸ ಮಾಡುವವರ ದನಿ ನಾವೇ ಎನ್ನುವ ಹೊಸ ಪಕ್ಷವೊಂದು ಎದ್ದಿದೆ. ಅದರ ಪಟ್ಟಿಯಲ್ಲಿ ತೆರೆಸಿತಾ ಐದನೆಯವಳು!

"ಮುಂದಿನ ತಿಂಗಳು ಕೆಲಸ ಬಿಡ್ತೀನಿ, ಆತೆ. ಊರಿಗೆ ಹೋಗಿ ಪ್ರಚಾರ ಮಾಡಬೇಕು" ಎಂದಳು.

ಅವಳ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದವರು ಕೆಲಸ ಕೊಟ್ಟ ಆ ಮುದುಕರ ಮನೆಯವರು. ಆರು ವರ್ಷ ಕಾದಿದ್ದಳು. ಈಗ ಕೆಲಸ ಬಿಟ್ಟು ಹೋದರೆ ಅದು ಮುಗಿದಂತೆ, ಇಬ್ಬರು ಮಕ್ಕಳನ್ನು ಇಲ್ಲಿಗೆ ಕರೆಸಿಕೊಳ್ಳುವ ಆಸೆಯೂ ಮುಗಿದಂತೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಮುಖ ಹಬ್ಬದ ದಿನದಂತಿತ್ತು.

ಅವಳು ಒಳಗೆ ಹೋದ ಮೇಲೆ ಚಿಕ್ಕಮ್ಮ ಕರಪತ್ರವನ್ನು ಕಿಟಕಿಗೆ ಎತ್ತಿದರು. ಹಿಂದಿನ ಪುಟದಲ್ಲಿದ್ದ ಐದು ಹೆಸರುಗಳು ಬೆಳಕಿನಲ್ಲಿ ಮುಂದಕ್ಕೆ ತೋರಿ, ಸರಿಯಾಗಿ ಫೋಟೋದ ಎದೆಯ ಮೇಲೆ ಪಕ್ಕೆಲುಬಿನ ಹಾಗೆ ಸಾಲಾಗಿ ನಿಂತವು. ಚಿಕ್ಕಮ್ಮ ಬಹಳ ಹೊತ್ತು ನೋಡಿದರು. ಮೊದಲನೆಯ ಹೆಸರನ್ನು ಅವರು ಹಿಂದೆಯೂ ಒಮ್ಮೆ ಬೆಳಕಿಗೆ ಹಿಡಿದಿದ್ದರು, ತೆರೆಸಿತಾಳ ಹಳೆಯ ಕೆಲಸದ ಕರಾರಿನಲ್ಲಿ. ಮನಿಲಾದಿಂದ ಹೆಂಗಸರನ್ನು ಮನೆಕೆಲಸಕ್ಕೆ ಹೊರದೇಶಗಳಿಗೆ ಕಳಿಸುವ ಏಜೆನ್ಸಿಯ ಮಾಲೀಕ ಅವನು. ಎರಡು ವರ್ಷ ಅವಳ ಪಾಸ್‌ಪೋರ್ಟನ್ನು ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದವನು; ಈಗ ಬದಲಾಗಿದ್ದಾನೆಂದು ಅವಳು ನಂಬಿದ್ದಳು. ಮರುದಿನ ಆಸ್ಪತ್ರೆಯ ಕಾಫಿ ಕೋಣೆಯಲ್ಲಿ ನರ್ಸುಗಳಿಂದ ಉಳಿದದ್ದೂ ತಿಳಿಯಿತು. ಎರಡನೆಯ ಹೆಸರು ಅವನ ಹೆಂಡತಿ, ಮೂರನೆಯದು ಹೆಂಡತಿಯ ತಮ್ಮ. ಅಲ್ಲದೆ ಇಂಥ ಯಾವ ಪಕ್ಷಕ್ಕೂ ಮೂರಕ್ಕಿಂತ ಹೆಚ್ಚು ಸೀಟು ಕೊಡುವುದೇ ಇಲ್ಲವಂತೆ.

"ಹಾಗಾದ್ರೆ ಐದನೆಯವಳು?" ಎಂದೆ.

"ಫೋಟೋಗೆ" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಆ ವರ್ಷದ ಎರಡನೆಯ ಮಾತು ಆಡಿದರು. "ಹೋಗಿ ಅವಳಿಗೆ ಹೇಳ್ಬಿಡೇ."

"ಅದು ಹೇಗ್ರೀ ಹೇಳೋದು? ಫಿಲ್ಮ್ ತೆಗೆಯೋದಷ್ಟೇ ನನ್ನ ಕೆಲಸ. ಏನಾಗಿದೆ ಅಂತ ಪೇಷಂಟಿಗೆ ಡಾಕ್ಟರೇ ಹೇಳ್ಬೇಕು. ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದೀನಾ?"

ಇದು ನಿಜ. ಇಪ್ಪತ್ತು ವರ್ಷದಲ್ಲಿ ಮುರಿದ ಮೂಳೆ ಕಣ್ಣಿಗೆ ರಾಚುತ್ತಿದ್ದರೂ ಅವರು ರೋಗಿಗೆ "ಡಾಕ್ಟರನ್ನ ಕೇಳಿ" ಎಂದಷ್ಟೇ ಹೇಳಿ ಕಳಿಸಿದವರು. ಅದು ಅವರ ಕೆಲಸದ ನಿಯಮ. ಆ ನಿಯಮವನ್ನು ಎಲ್ಲಿ ಬಿಡಬೇಕು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಈ ಕಾಯಿಲೆಗೆ ಪಕ್ಷದವರೇ ಡಾಕ್ಟರು, ಅವರ ಬಾಯಿಂದಲೇ ಹೇಳಿಸುತ್ತೇನೆ ಎಂದು ತೀರ್ಮಾನಿಸಿಬಿಟ್ಟರು.

ಭಾನುವಾರ ಜರ್ಸಿ ಸಿಟಿಯದೇ ಒಂದು ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿ ಆ ಪಕ್ಷದ ಸಭೆ. ನೂರಾರು ಹೆಂಗಸರು, ಎಲ್ಲರೂ ಯಾರದೋ ಅಪ್ಪನನ್ನೋ ಯಾರದೋ ಮಗುವನ್ನೋ ನೋಡಿಕೊಳ್ಳುವವರು, ವಾರದ ಒಂದೇ ರಜೆಯಲ್ಲಿ ಬಂದವರು. ಅವರಲ್ಲಿ ಮುಕ್ಕಾಲು ಜನರನ್ನು ಇಲ್ಲಿಂದಲೇ ಹಾಕುವ ಓಟಿಗೆ ನೋಂದಾಯಿಸಿ ಕರೆತಂದವಳು ತೆರೆಸಿತಾ. ಅವಳನ್ನು ವೇದಿಕೆಯ ಕೊನೆಯ ಕುರ್ಚಿಯಲ್ಲಿ, ಕೈಗೊಂದು ಹೂಗುಚ್ಛ ಕೊಟ್ಟು, ಕೂರಿಸಿದ್ದರು. ಕಸೂತಿಯ ತೆಳು ಅಂಗಿ ತೊಟ್ಟ ಪಟ್ಟಿಯ ಮೂರನೆಯವನು, ಅಂದರೆ ಏಜೆನ್ಸಿ ಮಾಲೀಕನ ಭಾವಮೈದುನ, ಮಾತಾಡಿದ. ನಾವೂ ನಿಮ್ಮಂತೆಯೇ ಸೇವಕರು ಎಂದ. ಚಿಕ್ಕಮ್ಮ ಎದ್ದರು. ನನಗೆ ಭಾಷೆ ಬಾರದಿದ್ದರೂ ಮೊದಲ ಮೂರು ವಾಕ್ಯ ಯಾವುವೆಂದು ತಿಳಿಯಿತು, ಏಕೆಂದರೆ ಜೊತೆಗೆ ಬಂದಿದ್ದ ಚಿಕ್ಕಮ್ಮನ ಆಸ್ಪತ್ರೆಯ ನರ್ಸುಗಳೆಲ್ಲ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು. ಉಳಿದದ್ದನ್ನು ಆಮೇಲೆ ಕೇಳಿ ತಿಳಿದುಕೊಂಡೆ.

"ಹಾಸಿಗೆ ಮೇಲೆ ರೋಗಿ ಮಲಗಿದಾರೆ. ಏಳೋಕಾಗಲ್ಲ. ಅವರನ್ನ ಎಬ್ಬಿಸದೆ ಕೆಳಗಿನ ಬೆಡ್‌ಶೀಟ್ ಬದಲಾಯಿಸೋದು ಹೇಗೆ, ಹೇಳಿ."

ಆ ಹಾಲ್‌ನಲ್ಲಿ ಇದಕ್ಕಿಂತ ಸುಲಭದ ಪ್ರಶ್ನೆ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಅದನ್ನು ಮಾಡಬಲ್ಲ ನೂರಾರು ಹೆಂಗಸರು ಕಾದರು. ಅವನು ಮೈಕನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಕೊನೆಗೆ ನಗುತ್ತಾ, "ಅದಕ್ಕೆಲ್ಲ ಕೆಲಸದವರು ಇರ್ತಾರಲ್ಲ ಮೇಡಂ" ಎಂದ.

ಮೊದಲು ಒಬ್ಬಳು ನಕ್ಕಳು, ಆಮೇಲೆ ಒಂದು ಸಾಲು, ಆಮೇಲೆ ಇಡೀ ಹಾಲ್. ಆ ನಗುವಿನ ನಡುವೆಯೇ ಚಿಕ್ಕಮ್ಮ ಎರಡನೆಯ ಪ್ರಶ್ನೆ ಕೇಳಿದರು. "ಅದು ಗೊತ್ತಿರೋಳು ನಿಮ್ಮ ಲಿಸ್ಟಲ್ಲಿ ಐದನೆಯವಳು. ನಿಮಗೆ ಸಿಗೋದು ಹೆಚ್ಚೆಂದ್ರೆ ಮೂರು ಸೀಟು. ಅವಳು ಒಳಗೆ ಹೋಗೋದು ಯಾವಾಗ?"

ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ವೇದಿಕೆಯ ಕಡೆ ನೋಡಿದೆ. ನಗದೆ ಕೂತಿದ್ದವಳು ತೆರೆಸಿತಾ ಒಬ್ಬಳೇ. ಮೂರೇ ಸೀಟು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ತಾನು ಕರೆತಂದ ಅಷ್ಟೂ ಜನರ ಎದುರಿಗೆ, ಹೂಗುಚ್ಛ ಹಿಡಿದುಕೊಂಡು, ಆಗ ತಿಳಿದುಕೊಂಡಳು.

ಮರುದಿನ ಬೇಲಿಯ ಸಂದಿಗೆ ಪಕ್ಕದ ಮನೆಯ ಕಡೆಯಿಂದ ರಟ್ಟು ಬಡಿದಾಗಿತ್ತು. ಚಿಕ್ಕಮ್ಮ ಎದುರು ಸಿಕ್ಕಿದಾಗ ತೆರೆಸಿತಾ ತಲೆಬಾಗಿಸಿ "ಗುಡ್ ಮಾರ್ನಿಂಗ್, ಮ್ಯಾಮ್" ಎಂದಳು. ಆತೆ ಹೋಗಿ ಮ್ಯಾಮ್ ಬಂದಿತ್ತು. ಆ ವಾರ ದೋಸೆಗಳು ಪರೀಕ್ಷೆಯಿಲ್ಲದೆ ತಟ್ಟೆಗೆ ಬಿದ್ದವು.

"ಮೊದಲು ಮನೇಲೇ ಕೂರಿಸಿಕೊಂಡು ಹೇಳ್ಬೇಕಾಗಿತ್ತು ಕಣೋ" ಎಂದರು ಒಂದು ದಿನ. "ಅವನ ಮುಖ ನೋಡ್ತಾ ನಿಂತೆ. ಅವಳ ಮುಖ ನೋಡ್ಲೇ ಇಲ್ಲ."

ಅವಳು ಊರಿಗೆ ಹೊರಟೇಬಿಡುತ್ತಾಳೋ ಎಂಬ ಭಯದಲ್ಲಿ ಚಿಕ್ಕಮ್ಮ ದಿನಾ ಪಕ್ಕದ ಮನೆಯ ಮೆಟ್ಟಿಲ ಮೇಲೆ ಸೂಟ್‌ಕೇಸ್ ಇದೆಯೇ ಎಂದು ಕತ್ತು ಚಾಚಿ ನೋಡುತ್ತಿದ್ದರು. ಹಾಗೆ ನೋಡುತ್ತಲೇ ಒಂದು ಬೆಳಿಗ್ಗೆ ಹಿಮದ ಮೇಲೆ ಕಾಲಿಟ್ಟು ಜಾರಿದರು. ಸೊಂಟದ ಮೂಳೆಯಲ್ಲಿ ಬಿರುಕು. ತಮ್ಮದೇ ಆಸ್ಪತ್ರೆ, ತಮ್ಮದೇ ಮೇಜು. ಫಿಲ್ಮನ್ನು ತಾವೇ ನೋಡುತ್ತೇನೆಂದು ಹಟ ಮಾಡಿದರಂತೆ. ಡಾಕ್ಟರನ್ನು ಕೇಳಿ ಎಂದಳಂತೆ ಅವರ ಶಿಷ್ಯೆ.

ಆರು ವಾರ ಮನೆಯಲ್ಲಿ ಮಲಗಿರಬೇಕು ಎಂದರು. ಮೂರನೆಯ ದಿನ ಬೆಡ್‌ಶೀಟ್ ಬದಲಾಯಿಸುವ ಹೊತ್ತು ಬಂತು. ಚಿಕ್ಕಪ್ಪ ಸಿವಿಲ್ ಎಂಜಿನಿಯರು, ಸೇತುವೆ ಕಟ್ಟಿದವರು. ನಾನು ಆ ಹೊತ್ತಿಗೆ ಒಂದು ಬ್ಯಾಂಕಿನ ಸಾಫ್ಟ್‌ವೇರನ್ನೇ ಬದಲಾಯಿಸುತ್ತಿದ್ದವನು. ಇಬ್ಬರೂ ಅತ್ತ ಒಬ್ಬರು ಇತ್ತ ಒಬ್ಬರು ನಿಂತು, ಎಳೆದು, ಚಿಕ್ಕಮ್ಮನನ್ನು ನರಳಿಸಿ, ಬೆಡ್‌ಶೀಟನ್ನು ಅರ್ಧ ಹರಿದು ಕೈಬಿಟ್ಟೆವು. ಆ ಕಸೂತಿ ಅಂಗಿಯವನ ಬಗ್ಗೆ ನಾನು ಅಷ್ಟು ಗಟ್ಟಿಯಾಗಿ ನಕ್ಕಿರಬಾರದಿತ್ತು.

ಬಾಗಿಲು ಬಡಿದ ಸದ್ದಾಯಿತು. ತೆರೆಸಿತಾ ಒಳಗೆ ಬಂದು, ನಮ್ಮಿಬ್ಬರನ್ನೂ ಹರಿದ ಬಟ್ಟೆಯನ್ನೂ ನೋಡಿ, ಅಂಗಿಯ ತೋಳು ಮಡಿಸಿದಳು. ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿದ್ದರು.

"ನಾನು ಅವರಿಗೆ ಹೇಳ್ದೆ" ಎಂದಳು ತೆರೆಸಿತಾ, ಹೊಸ ಬೆಡ್‌ಶೀಟನ್ನು ಉದ್ದಕ್ಕೆ ಸುರುಳಿ ಸುತ್ತುತ್ತಾ. "ನನ್ನ ಹೆಸರು ಒಂದನೇ ನಂಬರಿಗೆ ಹಾಕಿ, ಇಲ್ಲಾಂದ್ರೆ ಫೋಟೋ ತೆಗೀರಿ ಅಂತ."

"ಏನಂದ್ರು?" ಗೋಡೆಯ ಕಡೆಯಿಂದ ಸಣ್ಣ ದನಿ ಬಂತು.

"ಫೋಟೋ ತೆಗೆದ್ರು. ಈಗ ಬೇರೆ ಯಾವಳೋ ಅಡುಗೆಯವಳ ಫೋಟೋ ಹಾಕಿದಾರೆ. ಅವಳಿಗೆ ನಾನು ಫೋನ್ ಮಾಡಿ ಹೇಳ್ದೆ. ಒಬ್ಬಳೇ ಇರೋವಾಗ."

ಚಿಕ್ಕಮ್ಮನ ಭುಜ ಅಲುಗಿತು. ತೆರೆಸಿತಾ ಒಂದು ಕೈಯನ್ನು ಆ ಭುಜದ ಮೇಲೆ, ಇನ್ನೊಂದನ್ನು ಸೊಂಟದ ಕೆಳಗೆ ಇಟ್ಟಳು.

"ಉಸಿರು ಎಳ್ಕೋ, ಆತೆ. ಹಿಡ್ಕೋ. ಅಲ್ಲಾಡಬೇಡ."

ಹಳೆಯ ಬೆಡ್‌ಶೀಟ್ ಈ ಕಡೆಯಿಂದ ಹೋಯಿತು, ಹೊಸದು ಆ ಕಡೆಯಿಂದ ಬಂತು. ಚಿಕ್ಕಮ್ಮ ಒಮ್ಮೆಯೂ ನರಳಲಿಲ್ಲ. ನೋಡುತ್ತಾ ನಿಂತಿದ್ದ ನನಗೆ ಅದು ಹೇಗೆ ಆಯಿತೆಂದು ಇವತ್ತಿಗೂ ಹೇಳಲು ಬಾರದು. ಕೊನೆಯ ಮಡಿಕೆಯನ್ನು ನೇರ ಮಾಡಿ, ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದು, ಅವಳು ಚಿಕ್ಕಮ್ಮನ ಕೆನ್ನೆಯನ್ನು ತನ್ನ ತೋಳಿನಿಂದ ಒರೆಸಿದಳು.

"ಆಯ್ತು. ಈಗ ಉಸಿರು ಬಿಡು" ಎಂದಳು.