ನಮ್ಮ ಮಾವನವರೂ ಅಟ್ಟದ ಇಲಿಗಳೂ

ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಸೊಸೆಗಿಂತ ಇಲಿಗಳಿಗೆ ಮರ್ಯಾದೆ ಹೆಚ್ಚಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾನಾದರೂ ಶಿಗ್ಗಾಂವದಿಂದ ಮದುವೆಯಾಗಿ, ಹೊಸ್ತಿಲೊಳಗೆ ಬಲಗಾಲಿಟ್ಟು ಬಂದವಳು. ಅವು ಯಾವ ಕಾಲನ್ನು ಮೊದಲು ಇಟ್ಟು ಬಂದವೋ ಯಾರು ಕೇಳಿದರು? ಆದರೂ ಮನೆಯ ಯಜಮಾನರು, ಅಂದರೆ ನನ್ನ ಮಾವನವರು, ಅವುಗಳ ಪಕ್ಷ. ಮನೆಯೊಳಗೆ ಯಾರೂ ಇಲಿಯನ್ನು ಕೊಲ್ಲಕೂಡದು! ವಿಷ ಇಡುವಂತಿಲ್ಲ, ಕೋಲೆತ್ತುವಂತಿಲ್ಲ. ಇದು ಅವರ ಕಟ್ಟಪ್ಪಣೆ.

ಹಾಗೆಂದು ಮಾವನವರನ್ನು ಸಾಧು ಸ್ವಭಾವದವರೆಂದು ತಿಳಿಯಬೇಡಿ. ಭತ್ತದ ವ್ಯಾಪಾರಿಗಳು. ಸಂತೆಯಲ್ಲಿ ಅವರು ದನಿ ಎತ್ತಿದರೆ ಎತ್ತುಗಳು ಕೂಡ ಮೇವು ಬಿಟ್ಟು ತಿರುಗಿ ನೋಡುತ್ತಿದ್ದವು. ತಿಗಣೆ ಕಂಡರೆ ಹೊಸಕುತ್ತಿದ್ದರು, ಚೇಳು ಕಂಡರೆ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದರು. ಇಲಿಗಳಿಗೆ ಮಾತ್ರ ಎಲ್ಲಾ ಮಾಫಿ!

ನಾನು ಆ ಮನೆ ಸೇರಿದ್ದು ಎರಡನೇ ಮಹಾಯುದ್ಧ ಶುರುವಾದ ಹೊಸದರಲ್ಲಿ. ಒಳಕೋಣೆಯ ತುಂಬ ಭತ್ತದ ಚೀಲಗಳು, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಅವುಗಳ ಸಂಸಾರ. ತವರಿನಲ್ಲಿ ಕೊಟ್ಟ ಇಳಕಲ್ ಸೀರೆಯನ್ನು ಒಂದು ಮುಂಜಾನೆ ಬಿಚ್ಚಿ ನೋಡುತ್ತೇನೆ, ಸೆರಗಿನಲ್ಲಿ ಅಂಗೈಯಗಲದ ಕಿಟಕಿ! ಅಡಿಗೆಮನೆಯ ಮೂಲೆಯಲ್ಲಿ ಕೂತು ಅಳತೊಡಗಿದೆ. ಮಾವನವರು ಬಾಗಿಲಾಚೆಯಿಂದಲೇ ಕೆಮ್ಮಿದರು.

"ಯಾಕ ಅಳಾಕತ್ತಾಳ ಹುಡುಗಿ?"

ಅತ್ತೆಯವರು ಸೀರೆ ಹಿಡಿದು ತೋರಿಸಿದರು. "ನೋಡ್ರಿ, ನಿಮ್ಮ ಅಟ್ಟದ ಬೀಗರು ಮಾಡಿದ್ದು!"

ಮಾವನವರು ಆ ತೂತನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು. "ಬ್ಯಾಸರ ಮಾಡ್ಕೋಬ್ಯಾಡ ತಂಗೀ. ಸೀರಿ ಚಲೋ ಐತಿ ಅಂತನ ತಿಂದಾವ. ನಿಮ್ಮತ್ತಿ ಸೀರಿ ಒಂದರ ಮುಟ್ಟ್ಯಾವೇನು ನೋಡು!"

ನಾನು ಅಳು ನಿಲ್ಲಿಸಿದೆ. ಅತ್ತೆಯವರು ಸಂಜೆಯವರೆಗೆ ಮಾತು ನಿಲ್ಲಿಸಿದರು.

ಮನೆಯೊಳಗಿನ ಗದ್ದಲ ತಾಳದೆ ಕೊನೆಗೆ ಮಾವನವರು ಒಂದು ಕಟ್ಟಿಗೆಯ ಬೋನಿಗೆ ಒಪ್ಪಿದರು. ಹಿಡಿಯಬಹುದು, ಕೊಲ್ಲಬಾರದು. ಬೋನಿನ ಕೊಕ್ಕೆಗೆ ಸುಟ್ಟ ಕೊಬ್ಬರಿಯ ಚೂರನ್ನು ಅವರೇ ಸಿಕ್ಕಿಸುವರು. ಇಲಿ ಬಿದ್ದಿತೆಂದರೆ ಕೋಟು ತೊಟ್ಟು, ರುಮಾಲು ಸುತ್ತಿ, ಬೋನಿನ ಮೇಲೊಂದು ವಸ್ತ್ರ ಹೊದಿಸಿ ಊರ ಹೊರಗೆ ಬಿಟ್ಟುಬರಲು ಹೊರಡುವರು. ದಾರಿಯಲ್ಲಿ ಕಂಡವರು ಮಗಳ ಮನೆಗೆ ಉಂಡಿ ಒಯ್ಯುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗೆ!

ಅತ್ತೆಯವರಿಗೆ ಮೊದಲಿನಿಂದಲೂ ಅನುಮಾನ. ಒಂದು ದಿನ ಎಣ್ಣೆಯಲ್ಲಿ ಕುಂಕುಮ ಕಲಸಿ, ಕಡ್ಡಿಯಿಂದ ಬೋನಿನೊಳಗಿನ ಇಲಿಯ ಬೆನ್ನಿಗೆ ಬಳಿದು ಕಳಿಸಿದರು. ಮರುದಿನ ಬೋನಿನಲ್ಲಿ ಕೆಂಪು ಬೆನ್ನು!

"ಇದು ನಿನ್ನೆ ಬಿಟ್ಟದ್ದ ಅಲ್ಲೇನ್ರಿ?"

"ಏ, ಅದರ ತಮ್ಮ ಇರಬೇಕು."

"ತಮ್ಮಗೂ ಕುಂಕುಮ ಹಚ್ಚಿ ಕಳಿಸ್ಯಾರೇನ್ರಿ ಅವರ ಮನ್ಯಾಗ?"

ಮಾವನವರು ರುಮಾಲು ಸುತ್ತಿದರು. ಅಂದಿನಿಂದ ಇನ್ನಷ್ಟು ದೂರ ನಡೆದು, ನೆರೆಮನೆಯ ರೈತನ ಕಬ್ಬಿನ ಗದ್ದೆಯಲ್ಲಿ ಬಿಟ್ಟು ಬರತೊಡಗಿದರು. ಗುಟ್ಟು ಎಷ್ಟು ದಿನ ನಿಂತೀತು? ಆತ ಬಂದು ನಮ್ಮ ಕಟ್ಟೆಯ ಮೇಲೆ ಕೂತ.

"ಯಜಮಾನ್ರ, ನಮ್ಮ ಕಬ್ಬಿನಾಗ ಇಲಿ ಬಿಡಾಕತ್ತೀರಂತ? ನಾ ನಿಮಗೇನು ಅನ್ಯಾಯ ಮಾಡೇನ್ರಿ?"

"ನಿನ್ನ ಕಬ್ಬು ಭಾಳ ಸಿಹಿ ಅಂತ ಊರೆಲ್ಲ ಹೇಳ್ತೈತಲ್ಲೋ!"

"ಊರು ಹೇಳಲಿ ಬಿಡ್ರಿ. ನೀವ್ಯಾಕ ಇಲಿಗೆ ಹೇಳಿದ್ರಿ?"

ಇನ್ನು ಬೆಕ್ಕಿನ ಕಥೆ. ಸವಣೂರಿನಿಂದ ಅಕ್ಕಿ ಕೊಳ್ಳಲು ಬರುತ್ತಿದ್ದ ಸಾಹೇಬರೊಬ್ಬರು ಮಾವನವರಿಗೆ ಹಳೆಯ ಸ್ನೇಹಿತರು. ಅತ್ತೆಯವರು ಅವರ ಮುಂದೆ ಫಿರ್ಯಾದು ಹೇಳಿಕೊಂಡರು. ಮುಂದಿನ ಸಂತೆಗೆ ಬಂದಾಗ ಸಾಹೇಬರ ಕೈಯಲ್ಲೊಂದು ಗೋಣಿಚೀಲ. ಚೀಲದೊಳಗೆ ಬೆಕ್ಕು.

"ಅಕ್ಕಾರ, ಇದರ ವಾಸನಿ ಬಡದ್ರ ಸಾಕು, ಇಲಿ ಊರು ಬಿಡ್ತಾವ!"

ಸುಳ್ಳೇನಲ್ಲ. ಅಂದೇ ಅದು ಒಂದು ಇಲಿಯನ್ನು ಹಿಡಿಯಿತು. ನೋಡಿದರೆ ಮಾವನವರು ಹಾಲಿನ ಬಟ್ಟಲು ಹಿಡಿದು ಬೆಕ್ಕಿನ ಹಿಂದೆ ಅಂಗಳವೆಲ್ಲ ಸುತ್ತುತ್ತಿದ್ದಾರೆ! "ಬಿಡಪಾ, ಅದನ್ನ ಬಿಡು. ಹಾಲು ಕುಡಿ, ಹಾಲು!" ಬೆಕ್ಕು ಹಾಲಿಗೆ ಬಾಯಿ ಹಾಕಿತು, ಇಲಿ ಪರಾರಿಯಾಯಿತು. ಸವಣೂರಿನ ಬೆಕ್ಕಿಗೆ ವ್ಯಾಪಾರ ಹೇಳಿಕೊಡಬೇಕೆ? ಅಂದಿನಿಂದ ಅದು ಇಲಿಯನ್ನು ಚೂರೂ ನೋಯದಂತೆ ಕಚ್ಚಿಕೊಂಡು ಮಾವನವರ ಮುಂದೆ ನಿಲ್ಲುವುದು, ಹಾಲು ಕುಡಿದು ಹೋಗುವುದು. ಒಮ್ಮೊಮ್ಮೆ ಮುಂಜಾನೆ ತಂದ ಇಲಿಯನ್ನೇ ಮಧ್ಯಾಹ್ನವೂ ತರುತ್ತಿತ್ತು ಎಂದು ಅತ್ತೆಯವರ ವಾದ. ಸುಗ್ಗಿಗೆ ಬಂದ ಸಾಹೇಬರು ಅದನ್ನು ನೋಡಿ ಹಣೆ ಬಡಿದುಕೊಂಡರು. "ನಾ ತಂದಾಗ ಇದು ಬೆಕ್ಕಿತ್ತು. ಜಹಗೀರದಾರನ್ನ ಮಾಡಿಟ್ಟೀರಲ್ರಿ!" ಅದೇ ಗೋಣಿಚೀಲದಲ್ಲಿ ವಾಪಸು ಒಯ್ಯೋಣವೆಂದರೆ ಬೆಕ್ಕು ಚೀಲದೊಳಗೆ ಹಿಡಿಸಲಿಲ್ಲ.

ಮುಂದೆ ನನಗೆ ಹೆಣ್ಣು ಮಗುವಾಯಿತು. ಕೂಸು ಬೋರಲು ಬೀಳತೊಡಗಿದ ದಿನಗಳು. ಚಳಿಗಾಲದ ಒಂದು ಮುಂಜಾನೆ ಮಾವನವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತವರು ಬಟ್ಟಲು ಕೆಳಗಿಟ್ಟು ಅಟ್ಟದ ಕಡೆ ನೋಡಿದರು.

"ಸಪ್ಪಳನ ಇಲ್ಲಲ್ಲ."

"ಭಾಳ ಚಲೋ ಆತು," ಎಂದರು ಅತ್ತೆಯವರು. ಹಾಗೆಂದವರು ಯಾಕೋ ತಟ್ಟನೆ ಕೂಸನ್ನು ಎತ್ತಿಕೊಂಡರು.

ಬೋನಿನಲ್ಲಿ ಕೊಬ್ಬರಿ ಇಟ್ಟದ್ದು ಇಟ್ಟಂತೆಯೇ ಇತ್ತು. ಮಾವನವರು ಚೀಲಗಳ ಸುತ್ತ ಅಕ್ಕಿ ಚೆಲ್ಲಿದರು. ಮರುದಿನ ನೋಡಿದರೆ ಒಂದು ಕಾಳೂ ಕದಲಿರಲಿಲ್ಲ. ಏನಾಗಿದೆ ನೋಡೋಣವೆಂದು ನಮ್ಮವರು, ಅಂದರೆ ನನ್ನ ಗಂಡ, ಅಟ್ಟಕ್ಕೆ ಏಣಿ ಹಚ್ಚಿದರು. ಸಂತೆಯಲ್ಲೂ ಕೇಳದ ದನಿಯಲ್ಲಿ ಮಾವನವರು ಕೂಗಿದರು.

"ಇಳಿ ಕೆಳಗ! ಯಾರೂ ಅಟ್ಟ ಹತ್ತಬ್ಯಾಡ್ರಿ! ಗಾಡಿ ಕಟ್ಟು, ಹೊಲಕ್ಕ ಹೋಗೂಣು."

ಇಲಿ ಸತ್ತು ಬಿದ್ದರೆ ಪ್ಲೇಗಿಗೆ ಹೆದರಿ ಜನ ಊರು ಬಿಡುತ್ತಿದ್ದ ಕಾಲವೇನೋ ಹೌದು. ಆದರೆ ಯಾರ ಕಣ್ಣಿಗೂ ಒಂದು ಸತ್ತ ಇಲಿ ಬಿದ್ದಿರಲಿಲ್ಲ. ಇಷ್ಟು ದಿನ ಇಲಿಗಳಿವೆಯೆಂದು ಮನೆ ಬಿಟ್ಟು ಓಡಿಹೋಗಬೇಕೆನಿಸುತ್ತಿತ್ತು. ಈಗ ಅವುಗಳ ಸದ್ದಿಲ್ಲವೆಂದು ಮನೆ ಬಿಡುವುದೇ! ಅತ್ತೆಯವರು ಇಂಥ ಹೊತ್ತಿನಲ್ಲಿ ಬಿಡುವವರಲ್ಲ, ಈಗ ಜಾಡಿಸುತ್ತಾರೆ ನೋಡು ಎಂದು ಕಾದೆ. ಅವರಾಗಲೇ ಕೂಸಿನ ಅರಿವೆಗಳನ್ನು ಮಡಚತೊಡಗಿದ್ದರು.

ಹೊಲದಲ್ಲಿ ಹುಲ್ಲು ಹೊದಿಸಿದ ಗುಡಿಸಲಿತ್ತು. ಅಲ್ಲೇ ಒಲೆ ಹೂಡಿದೆವು. ನಿಜ ಹೇಳಬೇಕೆಂದರೆ ನನಗದು ಹಿತವಾಗಿಯೇ ಇತ್ತು. ಮುಂಜಾನೆ ಎದ್ದ ಕೂಡಲೇ ಮಾವನವರು ಕೂಸನ್ನು ಎಳೆಬಿಸಿಲಿಗೆ ಒಯ್ದು, ತೊಡೆಯ ಮೇಲೆ ಹಾಕಿಕೊಂಡು, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಕಚಗುಳಿ ಇಡುವರು. ಕೂಸು ಕೇಕೆ ಹಾಕಿ ನಗುವುದು. ಅಷ್ಟು ದೊಡ್ಡ ಮೀಸೆಯವರು ಅಷ್ಟು ಮೆತ್ತಗೆ ಬೆರಳಾಡಿಸುವುದನ್ನು ನಾನು ಒಲೆಯ ಹತ್ತಿರದಿಂದ ನೋಡುತ್ತಿದ್ದೆ.

ಕೆಲವು ದಿನಗಳಾದ ಮೇಲೆ ನೆರೆಮನೆಯ ರೈತ ದೂರದಿಂದಲೇ ನಗುತ್ತ ಬಂದ.

"ಬರ್ರಿ ಯಜಮಾನ್ರ ಮನಿಗೆ! ಮ್ಯಾಲ ಹತ್ತಿ ನಿಮ್ಮ ಹೆಂಚು ಸರಿಸಿ ನೋಡಿದ್ನಿ. ಅಟ್ಟದ ಮ್ಯಾಲ ಇಷ್ಟುದ್ದ ಕೇರಿಹಾವು ಬಿದ್ಕೊಂಡೈತಿ. ಅದಕ್ಕಂಜಿ ನಿಮ್ಮ ಇಲಿ ಎಲ್ಲಾ ನಮ್ಮ ಮನಿ ಸೇರ್ಯಾವ!"

"ಸತ್ತದ್ದು ಒಂದೂ ಇಲ್ಲ?" ಎಂದರು ಮಾವನವರು.

"ಒಂದೂ ಇಲ್ಲರಿ."

"ನಿಮ್ಮ ಮನ್ಯಾಗ ಚುರುಕದಾವ?"

"ಚುರುಕಂದ್ರ! ನಿನ್ನೆ ನನ್ನ ಧೋತರ ತಿಂದು ಮುಗಿಸ್ಯಾವ್ರೀ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಮಾವನವರೂ ನಕ್ಕರು. ನಗುತ್ತ ನಗುತ್ತ, ನಿಂತಲ್ಲಿಯೇ ಕುಸಿದು ನೆಲದ ಮೇಲೆ ಕೂತುಬಿಟ್ಟರು.

ಪಾತ್ರೆಗಳನ್ನು ಕಟ್ಟುವಾಗ ನಾನು ಅತ್ತೆಯವರಿಗೆ ಹೇಳಿದೆ. "ಒಂದು ಹಾವಿನ ಸಲುವಾಗಿ ಇಷ್ಟೆಲ್ಲಾ ಆತು ನೋಡ್ರಿ. ಕೂಸಿಗೆ ಮಾತ್ರ ಹಬ್ಬ. ದಿನಾ ಅಜ್ಜನ ಕೈಲೆ ಕಚಗುಳಿ!"

ಅತ್ತೆಯವರ ಕೈ ನಿಂತಿತು.

"ಅದು ಕಚಗುಳಿ ಅಲ್ಲವಾ. ಪ್ಲೇಗಿನ ಗಂಟು ಎದ್ದಾವೇನು ಅಂತ ನೋಡ್ತಾರ."

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ನಿನ್ನ ಗಂಡ ಹುಟ್ಟೂಕಿಂತ ಮೊದಲ ನಮಗೊಂದು ಹೆಣ್ಣುಕೂಸಿತ್ತು. ತಪ್ಪಹೆಜ್ಜಿ ಹಾಕ್ತಿತ್ತು. ಆವಾಗ ಇವರು ಇಲಿಗೆ ವಿಷ ಇಡ್ತಿದ್ರು. ಒಂದಿನ ಅಟ್ಟದಿಂದ ಸತ್ತ ಇಲಿ ಬಿತ್ತು. ನನ್ನ ವಿಷ ನೋಡು ಹೆಂಗೈತಿ ಅಂತ ಹೆಮ್ಮಿಲೆ ಹೊರಗ ಒಗದ್ರು. ಮತ್ತ ಬಿದ್ವು, ಮತ್ತ ಒಗದ್ರು. ಅವು ವಿಷಕ್ಕ ಸತ್ತಿದ್ದಲ್ಲ, ಬ್ಯಾನಿಗೆ ಸತ್ತಾವ ಅಂತ ತಿಳಿಯೂದ್ರಾಗ ಕೂಸಿನ ಕಂಕಳಾಗ ಗಂಟು ಎದ್ದಿತ್ತು." ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಅವತ್ತಿನಿಂದ ಮನ್ಯಾಗ ಇಲಿ ಕೊಲ್ಲಗೊಡೂದಿಲ್ಲ. ತಾವ ಸತ್ರ ಗೊತ್ತಾಗಬೇಕು ನೋಡು."

ಅಂದು ಸಂಜೆಯೇ ಮನೆಗೆ ಮರಳಿದೆವು. ಮರುದಿನ ಮುಂಜಾನೆ ಮಾವನವರು ಪಡಸಾಲೆಯಲ್ಲಿ ಕೂತಿದ್ದರು. ಚಾಪೆಯ ಮೇಲೆ ಮಲಗಿದ್ದ ಕೂಸಿನ ಕಡೆ ಕೈ ಚಾಚಿದವರು, ಅಪಾಯ ಮುಗಿಯಿತಲ್ಲ, ಇನ್ನೇಕೆ ಎಂಬಂತೆ ಹಿಂದಕ್ಕೆ ಎಳೆದುಕೊಂಡರು.

ಮಾವನವರ ಎದುರಿಗೆ ಹೋಗಿ ಮಾತಾಡುವ ರೂಢಿ ನನಗಿರಲಿಲ್ಲ. ಅಂದು ಹೋದೆ. ಕೂಸನ್ನು ಎತ್ತಿ ಅವರ ತೊಡೆಯ ಮೇಲೆ ಮಲಗಿಸಿ, ಅದರ ಎರಡೂ ತೋಳುಗಳನ್ನು ಮೇಲಕ್ಕೆ ಹಿಡಿದೆ.

"ನೋಡ್ರಿ ಮಾವಾರ."

ಅವರು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಬೆರಳುಗಳು ಮೆಲ್ಲಗೆ ಆ ಕಂಕುಳು, ಈ ಕಂಕುಳು ಹುಡುಕಿದವು. ಕೂಸು ಕಾಲು ಬಡಿದು ನಕ್ಕಿತು.

"ಏನೂ ಇಲ್ಲವಾ," ಎಂದರು.

"ನಾಳೀಗೂ ನೋಡ್ರಿ," ಎಂದೆ.