ವಿಯೆನ್ನಾದ ಪದಕ್ಕೆ ಕಡಬದ ಅರ್ಥ

ಹೆಂಡತಿಯ ಹೆಣ ಚಾವಡಿಯಲ್ಲಿರುವಾಗ ನನ್ನ ಸೋದರಮಾವ ಗ್ರಾಮಫೋನಿನಲ್ಲಿ ಕುಣಿತದ ಪ್ಲೇಟು ಹಾಕಿದರು ಎಂದು ಕಡಬದಲ್ಲಿ ಹೇಳುತ್ತಾರೆ. ಈ ಮಾತು ಕೋಡಿಂಬಾಳಕ್ಕೆ ತಲುಪುವಾಗ 'ಪ್ಲೇಟು ಹಾಕಿ ಕುಣಿದರು' ಎಂದಾಗಿದೆ. ಪುತ್ತೂರಿನಲ್ಲಿ ಅವರು ದೊರೆಸಾನಿಯೊಬ್ಬಳ ಕೈಹಿಡಿದು ಕುಣಿದಿದ್ದಾರೆ! ಸುಳ್ಯದಲ್ಲಿ ವಿಚಾರಿಸುವ ಧೈರ್ಯ ನನಗಾಗಲಿಲ್ಲ. ಅಲ್ಲಿ ಆ ದೊರೆಸಾನಿಗೆ ಮಕ್ಕಳೂ ಆಗಿರಬಹುದು.

ನಾನು ಕಾಲೇಜಿನ ಚರ್ಚಾಕೂಟದಲ್ಲಿ ಗಂಟಲು ಪಳಗಿಸಿದವನು. ಸಾಕ್ಷಿಯಿಲ್ಲದೆ ದೇವರನ್ನೇ ಒಪ್ಪದವನು ಕಡಬದವರನ್ನು ಒಪ್ಪುತ್ತೇನೆಯೇ? ಪ್ಲೇಟು ಹಾಕಿದ್ದು ನಿಜ. ಉಳಿದದ್ದಕ್ಕೆಲ್ಲ ನನ್ನ ಆಕ್ಷೇಪ ಉಂಟು.

ಮಾವ ವಿಚಿತ್ರ ಮನುಷ್ಯ ಎಂಬುದನ್ನು ಬೇಕಾದರೆ ಮೊದಲೇ ಬಿಟ್ಟುಕೊಡುತ್ತೇನೆ. ಜವಳಿ ಅಂಗಡಿ ಇಟ್ಟುಕೊಂಡು, ಪುರಾಣದಲ್ಲಿ ಯಾರು ಯಾರನ್ನು ಕೊಂದದ್ದು ಧರ್ಮ, ಯಾವುದು ಅಧರ್ಮ ಎಂದು ಗಿರಾಕಿಯ ಜೊತೆ ಸಂಜೆಯವರೆಗೆ ವಾದಿಸಿ, ಕೊನೆಗೆ ಬಟ್ಟೆ ಕೊಡದೆಯೇ ಕಳಿಸಿದ ವ್ಯಾಪಾರಿ ಬೇರೆ ಯಾರಿದ್ದಾರೆ? ತಾಳಮದ್ದಳೆಯ ಹುಚ್ಚು ಅದು. ಭಾಗವತರು ಒಂದು ಪದ ಹಾಡಬೇಕು, ಕೂತವರು ಅದಕ್ಕೆ ಅರ್ಥ ಹೇಳಬೇಕು, ಎದುರಿನವ ಅದನ್ನು ಮುರಿಯಬೇಕು. ಮಾವನ ಪಾಲಿಗೆ ಭೂಮಿ ತಿರುಗುತ್ತಿದ್ದದ್ದೇ ಇದರ ಮೇಲೆ.

ಇಂಥವರ ಕೈಗೆ ಗ್ರಾಮಫೋನು ಸಿಕ್ಕಿತು. ಸಂಪಾಜೆ ಘಾಟಿಯಾಚೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮನೆ ಸಾಮಾನು ಹರಾಜು ಹಾಕಿದ. ಬುದ್ಧಿಯಿದ್ದವರು ಮಂಚ ತಂದರು, ಬೀರು ತಂದರು. ಮಾವ ತಂದದ್ದು ಈ ಯಂತ್ರ, ಜೊತೆಗೆ ಒಂದು ಪೆಟ್ಟಿಗೆ ಪ್ಲೇಟು. ಲಾರಿ ಘಾಟಿ ಇಳಿಯುವಷ್ಟರಲ್ಲಿ ಪ್ಲೇಟುಗಳೆಲ್ಲ ಹಪ್ಪಳದ ಹಾಗೆ ಪುಡಿ! ಮಡಿಲಲ್ಲಿಟ್ಟುಕೊಂಡ ಒಂದು ಮಾತ್ರ ಉಳಿಯಿತು. ಅದರ ಮೇಲಿನ ಕಾಗದದಲ್ಲಿ 'ವಿಯೆನ್ನಾ' ಎಂಬ ಊರಿನ ಹೆಸರು ಇತ್ತು. ಪಿಟೀಲು ನುಡಿಸಿದವರ ಹೆಸರನ್ನು ಹುಳ ತಿಂದಿತ್ತು. ಹಾಗಾಗಿ ಮಾವ ಅವರನ್ನು 'ಭಾಗವತರು' ಎಂದೇ ಕರೆದರು, ಬಹುವಚನದಲ್ಲಿ.

ಆ ಭಾಗವತರ ಬಗ್ಗೆ ಒಂದು ಮಾತು ಹೇಳಬೇಕು. ನಾನು ಸಂಗೀತ ಬಲ್ಲವನಲ್ಲ, ಹೊಗಳುವ ಅಭ್ಯಾಸ ಮೊದಲೇ ಇಲ್ಲ. ಆದರೂ ಆ ಕೈ! ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಿಗಿಯುತ್ತಿರಲಿಲ್ಲ. ಎಣ್ಣೆ ಹಚ್ಚಿದ ತಲೆಯ ಮೇಲೆ ತಾಯಿಯ ಅಂಗೈ ಜಾರುವ ಹಾಗೆ ಜಾರುತ್ತಿತ್ತು. ಎಲ್ಲಿಯೂ ವಿದ್ಯೆಯ ಪ್ರದರ್ಶನವಿಲ್ಲ. ದೊಡ್ಡ ಸಭೆಗಲ್ಲ, ನಾಲ್ಕು ಜನ ಕೂತು ಮಾತಾಡುವ ಕೋಣೆಗೆಂದು ಮಾಡಿದ ಸಣ್ಣ ಸಂಗೀತ. ಹಬ್ಬದೂಟವಲ್ಲ, ಸಂಜೆಯ ಕಾಫಿ. ಇಷ್ಟು ಸಣ್ಣದನ್ನು ಇಷ್ಟು ಮರ್ಯಾದೆಯಿಂದ ನುಡಿಸಬೇಕಾದರೆ ಮನುಷ್ಯ ಬಹಳ ದೊಡ್ಡವನಾಗಿರಬೇಕು.

ಮೊದಲ ಸಲ ಹಾಕಿದ ಪ್ಲೇಟು ಮುಗಿಯಿತು. ಮಾವ ಮುಳ್ಳು ಎತ್ತಿ ಜಗಲಿಯಲ್ಲಿ ಕೂತವರನ್ನು ನೋಡಿ, "ಹ್ಞಾ, ಅರ್ಥ ಹೇಳಿ" ಎಂದರು.

"ಮಾವ, ಇದು ಕುಣಿತದ ಸಂಗೀತ. ಇದರಲ್ಲಿ ಮಾತೇ ಇಲ್ಲ. ಅರ್ಥ ಎಲ್ಲಿಂದ ತರುದು?" ಎಂದೆ.

"ಮಾತಿದ್ದರೆ ನೀನು ಯಾಕೆ ಮಾರಾಯ? ಮಾತಿಲ್ಲದ ಕಾರಣವೇ ಹೇಳ್ಲಿಕ್ಕುಂಟು!"

ಕಾಳುಮೆಣಸಿನ ವ್ಯಾಪಾರದ ಇದ್ದಿನಬ್ಬ ಗಂಟಲು ಸರಿಮಾಡಿಕೊಂಡರು. "ಇವ ಹೆಣ್ಣು ಕೇಳ್ಳಿಕ್ಕೆ ಬಂದವ ರಾಯ್ರೆ. ಹುಡುಗಿಯ ಅಪ್ಪ ಮಳೆಯ ವಿಷಯ ಬಿಟ್ಟು ಬೇರೆ ಮಾತಾಡುದಿಲ್ಲ. ಇವನಿಗೆ ಬಾಯಿ ಬರುದಿಲ್ಲ. ಹಾಗೆ ಅಂಗಳದಲ್ಲಿ ಸುತ್ತು ಹಾಕ್ತಾ ಇದ್ದಾನೆ."

ಜಗಲಿ ನಕ್ಕಿತು. ನಾನು ಬಿಡುತ್ತೇನೆಯೇ? ತೊಡೆಯ ಮೇಲೆ ತಾಳ ಹಾಕಿ ತೋರಿಸಿದೆ. ಒಂದು, ಎರಡು, ಮೂರು ಎಂದು ಪೆಟ್ಟು. ಆದರೆ ಪ್ರತಿ ಸಲವೂ ಎರಡನೆಯದು ಒಂದು ಕೂದಲೆಳೆ ಬೇಗ ಬೀಳುತ್ತದೆ. "ಅದು ಕಲೆಯೂ ಅಲ್ಲ, ಹೆಣ್ಣು ಕೇಳುದೂ ಅಲ್ಲ. ಯಂತ್ರದ ಸ್ಪ್ರಿಂಗು ಸಡಿಲ!" ಎಂದು ತೀರ್ಪು ಕೊಟ್ಟೆ.

ಆಗ ಒಳಕೋಣೆಯಿಂದ ಕೆಮ್ಮು. ಕೆಮ್ಮಿನ ಹಿಂದೆಯೇ ಅತ್ತೆಯ ಸ್ವರ: "ಸ್ಪ್ರಿಂಗು ಸಡಿಲವಾದರೆ ಮೂರೂ ಪೆಟ್ಟು ಹಾಳಾಗಬೇಕಲ್ಲ ಮಾಣಿ? ಎರಡನೆಯದನ್ನೇ ಹುಡುಕಿ ಹಾಳು ಮಾಡುವ ಸ್ಪ್ರಿಂಗು ಯಾವ ಊರಿನದ್ದು?"

ಕಾಲೇಜಿನಲ್ಲಿ ಯಾರೂ ನನ್ನನ್ನು ಹಾಗೆ ಕೆಡವಿದ್ದಿಲ್ಲ.

ಅತ್ತೆಗೆ ಕ್ಷಯ. ಆಸ್ಪತ್ರೆಯವರು ತಿಂಗಳುಗಟ್ಟಲೆ ಇಟ್ಟುಕೊಂಡು ಮನೆಗೆ ಕಳಿಸಿದ್ದರು, ವಾಸಿಯಾಗಿ ಅಲ್ಲ. ಮಾತಾಡಿಸಬೇಡಿ, ಎದೆಗೆ ಆಯಾಸ ಎಂದಿದ್ದರು. ಮಾವ ಮಾಡಿದ್ದೇನು? ಅತ್ತೆ ಹಾಗೆ ವಾದಿಸಿದ ಮರುದಿನವೇ ಗ್ರಾಮಫೋನನ್ನು ಒಳಕೋಣೆಯ ಹೊಸ್ತಿಲಿಗೆ ಸರಿಸಿದರು! ದಿನಾ ಪದ, ದಿನಾ ಅರ್ಥ. 'ಮಾತಾಡಿಸಿ ಕೊಂದ' ಎಂದು ಊರು ಇವತ್ತಿಗೂ ಹೇಳುವುದು ಇದನ್ನೇ. ನಾನೂ ಎದುರಿಗೇ ಕೇಳಿದ್ದೆ: "ಡಾಕ್ಟ್ರು ಎಂತ ಹೇಳಿದ್ದಾರೆ, ನೀವು ಎಂತ ಮಾಡುದು?"

ಮಾವ ಉತ್ತರಿಸುವ ಮೊದಲೇ ಅತ್ತೆ, "ಬಾಯಿ ಮುಚ್ಚಿಕೊಂಡು ಎರಡು ತಿಂಗಳು ಹೆಚ್ಚು ಬದುಕಿ ನಾನು ಎಂತ ಮಾಡ್ಲಿಕ್ಕುಂಟು? ಇವರ ಮಾತು ಕೇಳುದಾ?" ಎಂದರು. ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಬಟ್ಟೆಯನ್ನು ಕೆಂಪು ಮಾಡಿತು. ಮಾವ ಬಟ್ಟೆ ಬದಲಿಸಿ, ಏನೂ ಆಗದವರ ಹಾಗೆ ಯಂತ್ರಕ್ಕೆ ಕೀ ಕೊಟ್ಟರು.

ಅವತ್ತು ಅತ್ತೆ ಹೇಳಿದ ಅರ್ಥವನ್ನು ಮುರಿಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. "ಭಾಗವತರಿಗೆ ಗೊತ್ತುಂಟು, ಹೊತ್ತು ಹೆಚ್ಚಿಲ್ಲ ಅಂತ. ಎರಡನೇ ಹೆಜ್ಜೆ ಬೇಗ ಇಡುದು ಅದಕ್ಕೆ. ಆದರೆ ಅವಸರ ತೋರಿಸ್ಲಿಕ್ಕೆ ನಾಚಿಕೆ. ಹಾಗೆ ಮೂರನೆಯದರಲ್ಲಿ ಆರಾಮ ನಿಲ್ಲುದು, ಇನ್ನೂ ತುಂಬಾ ಉಂಟು ಅನ್ನುವ ಹಾಗೆ."

ಜಗಲಿ ಖಾಲಿಯಾಗತೊಡಗಿತು. ರೋಗ ಹರಡುತ್ತದೆ ಎಂಬ ಹೆದರಿಕೆ. ಮಾರ್ಗದಲ್ಲಿ ಹೋಗುವವರು ಆ ಮನೆಯ ಎದುರು ಮೂಗಿಗೆ ಬಟ್ಟೆ ಹಿಡಿದರು. ಇದ್ದಿನಬ್ಬ ಮಾತ್ರ ಬರುತ್ತಿದ್ದರು. "ಈ ಪ್ರಾಯದಲ್ಲಿ ಇನ್ನು ನನಗೆ ಎಂತ ಹರಡ್ಲಿಕ್ಕುಂಟು? ಮಳೆಗಾಲದ ನೆಗಡಿಗೇ ನಾನು ಬೇಡ!" ಎನ್ನುತ್ತಿದ್ದರು. ಕೊನೆಕೊನೆಗೆ ಅತ್ತೆಯ ಸ್ವರ ಹೋಯಿತು. ಆಮೇಲೆ ಅರ್ಥವೆಲ್ಲ ಬಲಗೈಯ ಒಂದು ಬೆರಳಿಗೆ ಇಳಿಯಿತು. ಚಾದರದ ಮೇಲಿನ ಆ ಬೆರಳು, ಪ್ರತಿ ಸಲ ಎರಡನೇ ಪೆಟ್ಟಿಗೆ, ಬೇಗ ಬೀಳುವ ಆ ಪೆಟ್ಟಿಗೆ ಸರಿಯಾಗಿ ಏಳುತ್ತಿತ್ತು. ಮಾವ ಆ ಬೆರಳನ್ನು ನೋಡಿ ತಲೆದೂಗುತ್ತಿದ್ದರು, "ಹೌದು, ಒಪ್ಪಿದೆ" ಎಂದು.

ಒಂದು ಬೆಳಿಗ್ಗೆ ಅತ್ತೆ ತೀರಿಕೊಂಡರು. ಅಂಗಳ ತುಂಬಿತು! ಮೂಗು ಮುಚ್ಚಿದವರೆಲ್ಲ ಈಗ ಬಾಯಿ ಬಿಟ್ಟಿದ್ದರು. ಎಂಥ ಗುಣವಂತೆ, ಎಂಥ ತಾಳ್ಮೆ ಎಂದು ಒಬ್ಬರ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ಮಾವ ಎದ್ದು ಯಂತ್ರವನ್ನು ಹೆಣದ ಪಕ್ಕ ತಂದು ಪ್ಲೇಟು ಹಾಕಿದರು. ಪಿಟೀಲು ಶುರುವಾಯಿತು.

"ಹುಚ್ಚು ಹಿಡಿಯಿತಾ ಇವನಿಗೆ?" ಎಂದು ಪುತ್ತೂರಿನಿಂದ ಬಂದಿದ್ದ ಹಿರಿಯ ನೆಂಟರೊಬ್ಬರು ಮುಂದೆ ಬಂದರು. "ಹೆಣದ ಎದುರು ಕುಣಿತದ ಪ್ಲೇಟಾ? ತೆಗೆ ಅದನ್ನು!"

ಇದ್ದಿನಬ್ಬ ಅಡ್ಡ ನಿಂತರು. "ಪದ ಮುಗೀಲಿ ಮಾರಾಯ್ರೆ."

ಮಾವ ಕುಣಿಯಲಿಲ್ಲ. ಅಳಲೂ ಇಲ್ಲ. ಅವರು ನೋಡುತ್ತಿದ್ದದ್ದು ಅತ್ತೆಯ ಮುಖವನ್ನಲ್ಲ, ಬಲಗೈಯನ್ನು. ಒಂದು ಎಂದಿತು ಪಿಟೀಲು, ಎರಡು ಎಂದಿತು, ಮೂರು ಎಂದಿತು. ಪದ ಮುಗಿಯಿತು. ಮುಳ್ಳು ಕರಕರ ಎಂದು ಕೊನೆಯ ಗೆರೆಯಲ್ಲೇ ಸುತ್ತುತ್ತಿತ್ತು. ಮಾವ ಕೈಯಿಂದ ಕಣ್ಣು ತೆಗೆಯಲಿಲ್ಲ. ನೆಂಟರು ಗೊಣಗುತ್ತಿದ್ದರು, ಹೊರಗೆ ಚಟ್ಟ ಕಟ್ಟಿ ಆಗಿತ್ತು.

ನಾನು ಹೋಗಿ ಅವರ ಪಕ್ಕ ಕೂತು, ಯಂತ್ರದ ಕೀಯ ಮೇಲೆ ಕೈಯಿಟ್ಟೆ.

"ಮಾವ, ಇನ್ನೊಮ್ಮೆ ಹಾಕಲಾ?"