ಬೋಗುಣಿಯೊಳಗಿನ ನಗು

ಆ ಮನೆಯಲ್ಲಿ ದಿನಾ ಬೆಳಗು ಹರಿಸುತ್ತಿದ್ದದ್ದು ಸೂರ್ಯನಲ್ಲ, ತೂತಿನ ಪಾತ್ರೆ. ತರಕಾರಿ ತೊಳೆದು ನೀರು ಸೋಸುವ ಈ ಸ್ಟೀಲ್ ಮಹಾಶಯನಿಗೆ ಕಪಾಟಿನಲ್ಲಿ ಎಲ್ಲೂ ನೆಲೆಯಿರಲಿಲ್ಲ. ತಟ್ಟೆಗಳ ಮೇಲಿಟ್ಟರೆ ಜಾರುತ್ತಿತ್ತು, ಲೋಟಗಳ ಮೇಲಿಟ್ಟರೆ ವಾಲುತ್ತಿತ್ತು, ಯಾರೂ ಮುಟ್ಟದೆ ಬಿಟ್ಟರೆ ಬೇಸರಗೊಂಡು ತಾನಾಗಿಯೇ ಬೀಳುತ್ತಿತ್ತು. ಬಿದ್ದ ಮೇಲೂ ಸುಮ್ಮನಿರದೆ ಗಿರಗಿರ ತಿರುಗಿ, ಪಕ್ಕದ ಮನೆಯವರಿಗೂ ಎಚ್ಚರವಾಯಿತೆಂದು ಖಾತ್ರಿ ಮಾಡಿಕೊಂಡೇ ತಣ್ಣಗಾಗುತ್ತಿತ್ತು.

ಮನೆಯ ಯಜಮಾನ (ಹಾಗೆಂದು ಬಾಗಿಲ ಫಲಕ ಹೇಳುತ್ತದೆ, ಒಳಗಿನ ವ್ಯವಸ್ಥೆ ಬೇರೆ) ಬೀಗ ರಿಪೇರಿಯವನು. ಬೀಗ ತೆಗೆಯುವುದು ಅವನ ಕಸುಬು, ತೆಗೆದ ಮೇಲೆ ಬೀಗುವುದು ಅವನ ಸ್ವಭಾವ. ಒಂದಕ್ಕೊಂದು ಸರಿಯಾಗಿ ಕೂತರೆ ಪ್ರಪಂಚದಲ್ಲಿ ಜಗಳವೇ ಇರುವುದಿಲ್ಲ ಎಂಬುದು ಅವನ ಸಿದ್ಧಾಂತ. ಆ ಭಾನುವಾರ ಬೆಳಿಗ್ಗೆ ಎಂದಿನ ಸದ್ದಿಗೆ ಎದ್ದು ಕೂತಾಗ ಅವನಿಗೆ ಜ್ಞಾನೋದಯವಾಯಿತು. ತೂತಿನ ಪಾತ್ರೆಗೊಂದು ಬೋಗುಣಿಯನ್ನು ಜೋಡಿ ಮಾಡಿಬಿಟ್ಟರೆ? ಮೇಲಿನದು ಸುರಿಸುತ್ತದೆ, ಕೆಳಗಿನದು ಸಹಿಸಿಕೊಳ್ಳುತ್ತದೆ. ಆದರ್ಶ ದಾಂಪತ್ಯ.

ಕನ್ನಡಕ ಹಾಕಿಕೊಳ್ಳದೆ ಅಡುಗೆಮನೆಗೆ ನಡೆದ. ಬೀಗದ ಕೆಲಸ ಬೆರಳಿನದು, ಕಣ್ಣಿನದಲ್ಲ ಎಂಬ ಹೆಮ್ಮೆ ಬೇರೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಬೋಗುಣಿ ಕೈಗೆ ಸಿಕ್ಕಿತು. ತಳದಲ್ಲಿ ಸ್ವಲ್ಪ ನೀರಿದ್ದಂತಿತ್ತು, ಇರಲಿ, ಹೆಂಡತಿ ತೊಳೆದಿಟ್ಟಿದ್ದಾಳೆ. ತೂತಿನ ಪಾತ್ರೆಯನ್ನು ಅದರೊಳಗಿಳಿಸಿ ಎರಡೂ ಅಂಗೈಯಿಂದ ಒತ್ತಿದ. ಕಟಕ್. ಅಂಚಿಗೆ ಅಂಚು ಕೂಡಿತು. ಇಂಥ ಸದ್ದು ಕೇಳಲೆಂದೇ ಅವನು ಹುಟ್ಟಿದ್ದು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯವರು ಕಾಣಿಸಿಕೊಂಡರು. ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಸ್ವರವೆತ್ತಿದರೆ ಬೀದಿನಾಯಿಗಳೂ ಸಾಲಾಗಿ ನಿಲ್ಲುತ್ತಿದ್ದವು. ಆ ದಿನ ಸಂಜೆ ಹಳೆಯ ವಿದ್ಯಾರ್ಥಿನಿಯರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಭಾಷಣವನ್ನು ಅವರು ಕನ್ನಡಿಯ ಮುಂದೆ ಎಷ್ಟು ಸಲ ಒಪ್ಪಿಸಿದ್ದರೆಂದರೆ ಕನ್ನಡಿಗೇ ಬಾಯಿಪಾಠವಾಗಿತ್ತು.

"ನನ್ನ ಹವ್ವು ಎವ್ವಿ?" ಎಂದರು ಅತ್ತೆ.

ಅಳಿಯ ಕಣ್ಣು ಕಣ್ಣು ಬಿಟ್ಟ.

"ಹಲ್ಲು ಎಲ್ಲಿ ಅಂತ ಕೇಳ್ತಿದ್ದಾರೆ," ಎಂದಳು ಹಿಂದೆಯೇ ಬಂದ ಹೆಂಡತಿ. "ರಾತ್ರಿ ಹಲ್ಲಿನ ಸೆಟ್ಟು ತೆಗೆದು ನೀರಲ್ಲಿಟ್ಟಿದ್ರು. ಕಿಟಕಿ ಹತ್ರ, ಬೋಗುಣೀಲಿ."

ಅವನು ಮೆಲ್ಲನೆ ಕನ್ನಡಕ ತಂದು ಹಾಕಿಕೊಂಡು ತೂತುಗಳೊಳಗೆ ಇಣುಕಿದ. ಒಳಗಿನಿಂದ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಅವನನ್ನು ನೋಡಿ ಹಲ್ಲು ಕಿರಿದವು. (ಅವಕ್ಕೆ ಬೇರೆ ಏನು ತಾನೇ ಬರುತ್ತದೆ?)

"ಅದಕ್ಕೇನು, ತೆಗೆದರಾಯ್ತು," ಎಂದ. ಎಳೆದ. ತಿರುಚಿದ. ಬೋಗುಣಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಹೆಂಡತಿಗೆ ಮೇಲಿನಿಂದ ಎಳೆಯಲು ಹೇಳಿದ. ಅವಳು ಎಳೆದಳು. ಪಾತ್ರೆಯ ಜತೆ ಅವನೇ ಎದ್ದು ಬಂದ.

"ಸುತ್ತಿಗೆ ತರ್ಲಾ?" ಎಂದ.

ಅತ್ತೆಯವರ ಗಂಟಲಿನಿಂದ ಗಾಳಿಯೊಂದು ಬೀಸಿತು. ಹಲ್ಲು ಒಡೆದರೆ ನಿಮ್ಮದನ್ನೇ ಕಿತ್ತು ಹಾಕಿಕೊಳ್ಳುತ್ತೇನೆ ಎಂಬುದು ಅದರ ಸಾರಾಂಶ. ವಿಚಿತ್ರವೆಂದರೆ, ಈ ಸಲ ಅವನಿಗೆ ಅನುವಾದ ಬೇಕಾಗಲಿಲ್ಲ.

ಬಲ ಸೋತಲ್ಲಿ ವಿಜ್ಞಾನ. ಹೊರಗಿನದು ಬಿಸಿಯಾದರೆ ಹಿಗ್ಗುತ್ತದೆ, ಒಳಗಿನದು ತಣ್ಣಗಾದರೆ ಕುಗ್ಗುತ್ತದೆ. ಬೋಗುಣಿಯನ್ನು ಬಿಸಿನೀರಿನ ಬೇಸಿನ್ನಿನಲ್ಲಿ ನಿಲ್ಲಿಸಿ, ಒಳಗಿನ ಪಾತ್ರೆಗೆ ಮಂಜಿನ ನೀರು ಹೊಯ್ದ. ಹೊಯ್ದ. ಇನ್ನೂ ಹೊಯ್ದ. ನೀರು ತೂತುಗಳಿಂದ ಸಲೀಸಾಗಿ ಇಳಿದು ಬೋಗುಣಿ ತುಂಬಿ, ಅಂಚು ಮೀರಿ, ಅವನ ಪಂಚೆ ತೋಯಿಸಿ, ಊಟದ ಕೋಣೆಯ ಕಡೆ ಪ್ರಯಾಣ ಬೆಳೆಸಿತು.

"ತೂತಿನ ಪಾತ್ರೆಗೆ ನೀರು ತುಂಬಿಸೋಕೆ ಹೊರಟೋರನ್ನ ಇವತ್ತೇ ನೋಡಿದ್ದು," ಎಂದಳು ಹೆಂಡತಿ.

"ನೀನು ಮೊದಲೇ ಹೇಳ್ಬಾರದಿತ್ತಾ?"

"ತೂತು ಕಾಣಿಸ್ತಿರುತ್ತೆ ಅನ್ಕೊಂಡೆ ರೀ."

ಎಣ್ಣೆ ಸುರಿದ, ಸೋಪು ಸವರಿದ, ತನ್ನ ಅಂಗಡಿಯಿಂದ ಬೀಗ ತೆಗೆಯುವ ಅತಿಸೂಕ್ಷ್ಮ ಕೊಕ್ಕೆಗಳನ್ನು ತರಿಸಿದ. ಊರಿನ ತಿಜೋರಿಗಳನ್ನೆಲ್ಲ ಮಾತಾಡಿಸಿದ ಆ ಕೊಕ್ಕೆಗಳು ಇಲ್ಲಿ ಮೂಕವಾದವು. ಕೊನೆಗೆ ಪಾತ್ರೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ಕೂತ.

"ಏನಂತೆ? ನಂಬರ್ ಹೇಳ್ತಾ?" ಎಂದಳು ಹೆಂಡತಿ.

ಸಂಜೆಯಾಯಿತು. ಅತ್ತೆಯವರು ರೇಷ್ಮೆ ಸೀರೆ ಉಟ್ಟು, ಬಾಯಿಗೆ ಕರವಸ್ತ್ರ ಹಿಡಿದು ಬಂದು ನಿಂತರು. ಬಾಯಿ ಬೊಚ್ಚಾಗಿತ್ತು, ಕಣ್ಣು ತುಂಬಿತ್ತು. ಇಪ್ಪತ್ತು ತಂಡಗಳ ಹುಡುಗಿಯರಿಗೆ ಸ್ಪಷ್ಟ ಉಚ್ಚಾರ ಕಲಿಸಿದ ಬಾಯಿ ಅದು. ಅವನು ಕೊಕ್ಕೆಗಳನ್ನು ಕೆಳಗಿಟ್ಟ.

"ನೀವೇ ಜೊತೆಗೆ ಹೋಗಿ," ಎಂದಳು ಹೆಂಡತಿ. "ನಿಮ್ಮ ಕೈಯಿಂದ ಮುಚ್ಚಿದ ಬಾಯಿಗೆ ನಿಮ್ಮ ಬಾಯನ್ನೇ ಸಾಲ ಕೊಡಿ. ಬೆಳಿಗ್ಗೆಯಿಂದ ಬೈಸ್ಕೊಂಡು ಅಮ್ಮನ ಭಾಷೆ ನಿಮಗೂ ಬಂದಿದೆಯಲ್ಲ. ನಾನು ಈ ಸಮುದ್ರ ಒರೆಸ್ತೀನಿ."

ಸಭಾಂಗಣ ಕಿಕ್ಕಿರಿದಿತ್ತು. ಅತ್ತೆಯವರು ಕರವಸ್ತ್ರದ ಮರೆಯಲ್ಲಿ ಅವನ ಕಿವಿಗೆ ಉಸುರುವುದು, ಅವನು ಮೈಕಿನಲ್ಲಿ ಹೇಳುವುದು ಎಂದಾಯಿತು. ಮೊದಲ ಮಾತುಗಳು ಗಂಭೀರವಾಗಿಯೇ ಹೋದವು. ಶಿಸ್ತು, ಸಮಯಪಾಲನೆ, ಅಕ್ಷರಶುದ್ಧಿ. ನಂತರ ಅತ್ತೆಯವರು ಕನ್ನಡಿಯೆದುರು ಅಭ್ಯಾಸ ಮಾಡದಿದ್ದ ದಾರಿ ಹಿಡಿದರು. ಅಳಿಯ ತಡವರಿಸಿದ. ಅತ್ತೆ ಮೊಣಕೈಯಿಂದ ತಿವಿದರು.

"ಈಗ... ಈಗ ನನ್ನ ಅಳಿಯನ ವಿಷಯ," ಎಂದ ಅಳಿಯ, ಮೈಕಿನಲ್ಲಿ. "ಊರಿನ ಬೀಗವನ್ನೆಲ್ಲ ತೆಗೆಯುತ್ತಾರೆ. ನಮ್ಮನೆ ಬೋಗುಣಿ ತೆಗೆಯಲಾರರು."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇವರ ಬುದ್ಧಿ ಒಳ್ಳೆಯದೇ. ಆದರೆ ಅದೂ ತೂತಿನ ಪಾತ್ರೆ, ಕೆಳಗೆ ಬೋಗುಣಿ ಇಟ್ಟಿಲ್ಲವಾದ್ದರಿಂದ ನಿಲ್ಲುವುದಿಲ್ಲ. (ಅತ್ತೆ, ಇದು ಹೇಳಲೇಬೇಕಾ? ...ಹೂಂ.) ಹೇಳಲೇಬೇಕಂತೆ."

ಸಭೆ ಬಿದ್ದು ಬಿದ್ದು ನಕ್ಕಿತು. ಮಂಜಿನ ನೀರು ಬಂತು, ಮೊಣಕಾಲು ಬಂತು, ಕಿವಿ ಹಚ್ಚಿದ್ದೂ ಬಂತು. ತನ್ನ ಮರ್ಯಾದೆಯನ್ನು ತನ್ನದೇ ಬಾಯಿಂದ, ಸ್ಪಷ್ಟ ಉಚ್ಚಾರದಲ್ಲಿ, ಅವನು ಸಭೆಗೆ ಹಂಚಿದ. ಎದ್ದು ನಿಂತು ಚಪ್ಪಾಳೆ ತಟ್ಟಿದ ಶಿಷ್ಯೆಯರು, ಶಾಲೆಯಲ್ಲಿದ್ದಷ್ಟು ವರ್ಷವೂ ಮೇಡಂ ಹೀಗೆ ನಗಿಸಿದ್ದೇ ಇಲ್ಲ ಎಂದರು. ಅತ್ತೆಯವರ ಮುಖ ಅರಳಿದ್ದನ್ನು ನೋಡಿ ಅವನಿಗೂ, ನಾಚಿಕೆಯ ನಡುವೆಯೇ, ಏನೋ ಹಗುರವಾಯಿತು.

ಮನೆಗೆ ಬಂದರೆ ಮೇಜಿನ ಮೇಲೆ ಬೋಗುಣಿ ಒಂದು ಕಡೆ, ತೂತಿನ ಪಾತ್ರೆ ಇನ್ನೊಂದು ಕಡೆ. ನಡುವೆ ತಟ್ಟೆಯಲ್ಲಿ ಹಲ್ಲುಗಳು.

"ಹೇಗೆ ತೆಗೆದೆ?" ಎಂದ, ಸ್ವರ ಉಡುಗಿ.

"ನಾನೆಲ್ಲಿ ತೆಗೆದೆ? ನೀರು ಬಸೀಲಿ ಅಂತ ಬೋರಲು ಹಾಕಿ ನೆಲ ಒರೆಸೋಕೆ ಹೋದೆ. ಬರೋಷ್ಟರಲ್ಲಿ ಅದೇ ಬಿಟ್ಕೊಂಡಿತ್ತು."

ಅತ್ತೆಯವರು ಹಲ್ಲುಗಳನ್ನು ಕೈಗೆತ್ತಿಕೊಂಡರು. ದೀಪಕ್ಕೆ ಹಿಡಿದು ಎರಡೂ ಸಾಲು ಪರೀಕ್ಷಿಸಿದರು. ಕ್ಷಣ ಯೋಚಿಸಿ, ಅವುಗಳನ್ನು ಬೋಗುಣಿಗೆ ಹಾಕಿ, ಮೇಲೆ ತೂತಿನ ಪಾತ್ರೆ ಇಳಿಸಿ, ಎರಡೂ ಅಂಗೈ ಊರಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದರು. ಕಟಕ್.

ಆಮೇಲೆ ಅಳಿಯನ ಕಡೆ ತಿರುಗಿ ಒಂದು ವಾಕ್ಯ ಉಸುರಿ, ತಮ್ಮ ಕೋಣೆಗೆ ನಡೆದರು.

"ಅಮ್ಮ ಏನಂದ್ರು?" ಎಂದಳು ಹೆಂಡತಿ.

ಅವನು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡ.

"ಮುಂದಿನ ಭಾನುವಾರ ಮಹಿಳಾ ಸಂಘದಲ್ಲಿ ಭಾಷಣ ಇದೆಯಂತೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೋಬೇಕಂತೆ."